ಇಪ್ಪತ್ತೊಂಬತ್ತು ಸಲ ಕಡಿದ ಬನ್ನಿ ಗಿಡ

ಕಳೆದ ಭಾನುವಾರ ನಮ್ಮ ಮನೆಯವರು ಒಂದು ಸುಳ್ಳಿನಲ್ಲಿ ಸಿಕ್ಕಿಬಿದ್ದರು. ಮದುವೆಯಾಗಿ ಮೂವತ್ತೊಂದು ವರ್ಷ. ಇದೇ ಮೊದಲು.

(ಅಕ್ಕಂದಿರೇ, ಅಷ್ಟು ಆಸೆಯಿಂದ ಕಣ್ಣರಳಿಸಬೇಡಿ. ನೀವು ಅಂದುಕೊಂಡಂಥದ್ದಲ್ಲ. ಈ ಕತೆಯಲ್ಲಿ ಇನ್ನೊಬ್ಬಳಿಲ್ಲ. ಒಂದು ಗಿಡ ಇದೆ.)

ಈ ಅಂಕಣ ಓದುವವರಿಗೆ ನಮ್ಮ ಶರಣಪ್ಪನವರು ಹೊಸಬರಲ್ಲ. ಹೊಸದಾಗಿ ಓದುತ್ತಿರುವವರಿಗೆ ಎರಡೇ ಮಾತು. ನಾನು ಸಿಂಧನೂರಿನಲ್ಲಿ ಹೈಸ್ಕೂಲ್ ಟೀಚರು. ಇವರು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದವರು, ಎರಡು ವರ್ಷದ ಹಿಂದೆ ರಿಟೈರ್ ಆದರು. ರಿಟೈರ್ ಆದರು ಅನ್ನುವುದು ಆಫೀಸಿನವರ ನಂಬಿಕೆ ಅಷ್ಟೇ. ಬಳಗಾನೂರಿನಲ್ಲಿ ನನ್ನ ತಮ್ಮನ ಗದ್ದೆಯ ಮೋಟಾರು ನಿಂತರೆ ಅವನು ಇವತ್ತಿಗೂ ಆಫೀಸಿಗೆ ಫೋನ್ ಮಾಡುವುದಿಲ್ಲ, ಮಾವನಿಗೆ, ಅಂದರೆ ಇವರಿಗೆ, ಮಾಡುತ್ತಾನೆ. ಮಾವ ಇಲ್ಲಿ ಊಟದ ತಟ್ಟೆ ಮುಂದೆ ಕೂತು, "ಫ್ಯೂಜ್ ನೋಡಲೇ ಮೊದ್ಲ, ಆಮ್ಯಾಲ ಬೈಯಂತಿ" ಅನ್ನುತ್ತಾರೆ.

ಸುಳ್ಳು ಇವರಿಗೆ ಆಗಿಬರುವುದಿಲ್ಲ. ಮದುವೆ ಮನೆಯಲ್ಲಿ ಹುಡುಗಿಯ ಅಪ್ಪ ಕೈಮುಗಿದು "ಊಟ ಆತೇನ್ರಿ?" ಎಂದು ಕೇಳಿದರೆ, "ಆತ್ರಿ, ಸಾರಿಗೆ ಉಪ್ಪು ಜಾಸ್ತಿ ಆಗಿತ್ತು" ಎಂದು ಅವರ ಮುಖಕ್ಕೇ ಹೇಳಿ ಬಂದ ಮನುಷ್ಯ. ನನ್ನ ಅಂಕಣ ಓದಿ "ಈ ವಾರ ಸಪ್ಪಗ ಐತಿ" ಅನ್ನುವ ಮೊದಲ ಓದುಗರೂ ಇವರೇ. ನಮ್ಮ ಹಾಲ್‌ನಲ್ಲಿ ಟಿ.ವಿ. ಮೇಲೆ ಒಂದು ಫ್ರೇಮ್ ಇದೆ. ರಿಟೈರ್ ಆದ ದಿನ ಜೊತೆಯವರು ಶಾಲು ಹೊದಿಸಿ ಕೊಟ್ಟದ್ದು. 'ಒಂದೂ ಕಪ್ಪುಚುಕ್ಕೆ ಇಲ್ಲದ ಸೇವೆ' ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿದ್ದಾರೆ. ವಾರಕ್ಕೊಮ್ಮೆ ಅದರ ಧೂಳು ಒರೆಸುವವರು ಇವರು. ಉಳಿದ ಇಡೀ ಮನೆಯ ಧೂಳು ನನ್ನದು.

ಇಂಥವರು ಸಿಕ್ಕಿಬಿದ್ದದ್ದು ಹೇಗೆ?

ಗುರುಗುಂಟಾ ದಾಟಿದರೆ ಗುಡ್ಡದ ಸಾಲು ಬರುತ್ತದಲ್ಲ, ಅಲ್ಲಿ ಒಂದಿಷ್ಟು ಕಾಡಿಗೆ ಬೇಲಿ ಹಾಕಿ 'ಸಂರಕ್ಷಿತ ಉದ್ಯಾನ' ಎಂದು ಬೋರ್ಡು ನಿಲ್ಲಿಸಿದ್ದಾರೆ. ಜನ ಪಾರ್ಕು ಅನ್ನುತ್ತಾರೆ. (ಜಾರುಬಂಡೆ, ಜೋಕಾಲಿ ಇರುತ್ತವೆ ಎಂದುಕೊಂಡು ಹೋಗಬೇಡಿ. ನಾನೊಮ್ಮೆ ಎಂಟನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗಿ ಶಾಪ ಹಾಕಿಸಿಕೊಂಡಿದ್ದೇನೆ.) ಇರುವುದು ಬಂಡೆ, ಕುರುಚಲು ಗಿಡ, ನವಿಲು, ಮೊಲ. ಪುಣ್ಯ ಜಾಸ್ತಿ ಇದ್ದವರಿಗೆ ತೋಳದ ಹೆಜ್ಜೆ. ಅದರ ನಡುವೆಯೇ ಹಳೆಯ ದೊಡ್ಡ ಕರೆಂಟ್ ಲೈನೊಂದು ಹಾದುಹೋಗಿದೆ. ಲೈನಿನ ಕೆಳಗೆ ಉದ್ದಕ್ಕೂ ಒಂದು ಪಟ್ಟಿಯಷ್ಟು ಜಾಗದಲ್ಲಿ ಗಿಡ ಇರಬಾರದು ಎಂಬುದು ನಿಯಮ. ತಂತಿಗೆ ತಾಗಿದರೆ ಲೈನ್ ಹೋಗುತ್ತದೆ, ಬೆಂಕಿ ಬೀಳಬಹುದು. ಈಗ ಆ ಲೈನಿನ ಪಕ್ಕ ಇನ್ನೂ ದೊಡ್ಡದೊಂದು ಬರಬೇಕಂತೆ. ಅಂದರೆ ಖಾಲಿ ಪಟ್ಟಿಯನ್ನು ಎರಡೂ ಕಡೆ ಅಗಲ ಮಾಡಬೇಕು.

ಮಾಡಿದರೆ ಕಾಡಿಗೆ ಏನಾಗುತ್ತದೆ? ಅದನ್ನು ನೋಡಿ, ಅಳೆದು, ಬರೆಯುವುದಕ್ಕೆ ಬಂದವಳು ಕಾವ್ಯಾ. ದಾವಣಗೆರೆ ಕಡೆಯ ಹುಡುಗಿ, ಇಪ್ಪತ್ತೆಂಟರ ವಯಸ್ಸು. ಲಿಂಗಸುಗೂರಿನ ಲಾಡ್ಜ್‌ನಲ್ಲಿ ತಿಂಗಳಿಂದ ಇದ್ದಾಳೆ. ಯಾವ ಟವರ್ ಎಲ್ಲಿದೆ, ಯಾವ ಕಾಲುದಾರಿ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವವರು ಬೇಕು ಅಂದಾಗ, ಆಫೀಸಿನವರೆಲ್ಲ ಒಂದೇ ಬಾಯಲ್ಲಿ ಶರಣಪ್ಪನ ಹೆಸರು ಹೇಳಿದರಂತೆ.

ಇವರಿಗೆ ಎಷ್ಟು ಖುಷಿ ಅಂತೀರಿ? ಟ್ರಂಕಿನಿಂದ ಖಾಕಿ ಶರ್ಟು ಹೊರಬಂತು. ಮೇಲಿನ ಎರಡು ಗುಂಡಿ ಬಿಟ್ಟು ಉಳಿದವು ಹಾಕಲು ಬರಲಿಲ್ಲ. "ಗುಂಡಿ ಸಣ್ಣವಾಗ್ಯಾವ" ಅಂದರು. (ಇದನ್ನು ಸುಳ್ಳಿನ ಲೆಕ್ಕಕ್ಕೆ ಹಿಡಿಯಬೇಡಿ.) ಭಾನುವಾರ ರಜೆ, ಅಂಕಣಕ್ಕೆ ವಿಷಯವೂ ಇರಲಿಲ್ಲ, ಇವರನ್ನು ಕರೆದೊಯ್ಯಲು ಕಾವ್ಯಾ ಸಿಂಧನೂರಿಗೇ ತಂದಿದ್ದ ಜೀಪನ್ನು ನಾನೂ ಹತ್ತಿದೆ.

ದಾರಿಯಲ್ಲಿ ಮಸ್ಕಿ. ನನ್ನ ತವರು. ತವರು ದಾಟುವಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನದೆ ಹೋದರೆ ನನಗೆ ಏನೋ ಮರೆತು ಬಂದ ಹಾಗೆ. ತಿಂದೆವು. ಕಾವ್ಯಾ ಮೂರು ಮಿರ್ಚಿ ತಿಂದು ಕಣ್ಣೀರು ಒರೆಸಿಕೊಂಡು ನಾಲ್ಕನೆಯದಕ್ಕೆ ಕೈ ಹಾಕಿದಳು. ಅಲ್ಲೇ ನನಗೆ ಹುಡುಗಿ ಹಿಡಿಸಿದಳು.

ಇನ್ನೊಂದಿಷ್ಟು ದೂರ ಹೋದ ಮೇಲೆ ರಸ್ತೆ ಪಕ್ಕ ಒಂದು ಬೋರ್ಡು ಕಂಡಿತು. ಬೇರೆಲ್ಲೋ ಕಡಿದ ಮರಗಳಿಗೆ ಬದಲಾಗಿ ಇಲ್ಲಿ ಸಸಿ ನೆಡಲಾಗಿದೆ ಎಂದು ಬರೆದಿತ್ತು. ಕಾವ್ಯಾ ಜೀಪು ನಿಲ್ಲಿಸಿ ಇಳಿದು ನೋಡಿದಳು. ಗುಂಡಿಗಳಿದ್ದವು, ಗುಂಡಿಯಲ್ಲಿ ಕಸ ಇತ್ತು, ಒಂದು ಹರಿದ ಚಪ್ಪಲಿ ಇತ್ತು. ಅಲ್ಲಿ ಬೇರು ಬಿಟ್ಟು ಗಟ್ಟಿಯಾಗಿ ನಿಂತಿದ್ದು ಬೋರ್ಡೊಂದೇ.

"ನೆಟ್ಟಿರಂಗಿಲ್ಲ ಬಿಡ್ರಿ ಮೇಡಂ," ಅಂದರು ಇವರು. "ನೆಟ್ಟೀವಿ ಅಂತ ಬರದಾರ."

ಹೇಳುವಾಗ ಇವರ ದನಿ ಯಾಕೋ ಸಣ್ಣಗಾಯಿತು. ನಾನು ಮಿರ್ಚಿ ಖಾರಕ್ಕೆ ಅಂದುಕೊಂಡೆ.

ಪಾರ್ಕಿನೊಳಗೆ ಹೋದ ಮೇಲೆ ಶರಣಪ್ಪನವರನ್ನು ನೋಡಬೇಕಿತ್ತು ನೀವು. ನಾನು ಹಾಜರಿ ಕರೆಯುವ ಹಾಗೆ ಒಂದೊಂದು ಟವರಿನ ನಂಬರು ಹೇಳುತ್ತಾ ನಡೆದರು. ಇದರ ಮೇಲೆ ಗಾಳಿ ಜಾಸ್ತಿ, ಅದರ ಬುಡದಲ್ಲಿ ಹಾವಿನ ಹುತ್ತ, ಅಗೋ ಆ ಬಂಡೆ ಸಂದಿಯಲ್ಲಿ ಬೇಸಿಗೆಯಲ್ಲೂ ನೀರು. ಕಾವ್ಯಾ ಟೇಪು ಹಿಡಿದು ಗಿಡಗಳ ಸುತ್ತಳತೆ ತೆಗೆಯುವಳು, ಗೂಡು ಇದ್ದರೆ ಫೋಟೋ ಹೊಡೆಯುವಳು, ನೆಲದ ಮೇಲಿನ ಹಿಕ್ಕೆ ನೋಡಿ ಯಾವ ಪ್ರಾಣಿ ಎಂದು ಬರೆದುಕೊಳ್ಳುವಳು.

"ಇಷ್ಟಗಲ ಇದ್ದದ್ದು ಇನ್ನೊಂದಿಷ್ಟು ಅಗಲ ಆದರೆ ಏನಾಗುತ್ತಮ್ಮಾ?" ಎಂದು ಕೇಳಿದೆ.

"ಟೀಚರ್, ನೀವು ಸಣ್ಣ ರಸ್ತೆ ಓಡಿ ದಾಟ್ತೀರಿ. ಹೈವೇ ಆದರೆ?"

"ನಿಂತುಬಿಡ್ತೀನಿ."

"ಮೊಲಾನೂ ನಿಂತುಬಿಡುತ್ತೆ. ಬಯಲಾದರೆ ಹದ್ದಿಗೆ ಕಾಣುತ್ತಲ್ಲ. ಜೊತೆಗೆ ನೆಲ ಬರಿದಾಯ್ತು ಅಂದ್ರೆ ಮೊದಲು ಬರೋದು ಬಳ್ಳಾರಿ ಜಾಲಿ. ಅದು ಬಂದ ಮೇಲೆ ಇನ್ನೇನೂ ಬರಲ್ಲ."

ಇಷ್ಟು ಸರಳವಾಗಿ ಯಾವ ಪಾಠದಲ್ಲೂ ನಾನು ಹೇಳಿಕೊಟ್ಟಿಲ್ಲ. ಹಾಗಂತ ನಾನು ಲೈನಿನ ವಿರೋಧಿ ಅಲ್ಲ. ಲೈನ್‌ಮನ್ ಹೆಂಡತಿಯಾಗಿದ್ದುಕೊಂಡು ಹೇಗೆ ಆದೇನು? ದಢೇಸುಗೂರಿನ ಕಡೆ ನಾಟಿ ಸಮಯದಲ್ಲಿ ಕರೆಂಟು ಕೈಕೊಟ್ಟರೆ ಏನಾಗುತ್ತದೆ ಎಂದು ಗೊತ್ತು. ಬೇಸಿಗೆಯ ಸಿಂಧನೂರಿನಲ್ಲಿ ಫ್ಯಾನ್ ನಿಂತರೆ ನಾನು ಏನಾಗುತ್ತೇನೆ ಎಂಬುದಂತೂ ನಮ್ಮ ಓಣಿಗೆಲ್ಲ ಗೊತ್ತು. ಕರೆಂಟೂ ಬೇಕು, ಮೊಲವೂ ಬೇಕು. ಎರಡೂ ಬೇಕು ಅನ್ನುವವರ ಪರವಾಗಿ ಯಾರಾದರೊಬ್ಬರು ಕೂತು ಲೆಕ್ಕ ಹಾಕಬೇಕಲ್ಲ, ಅದೇ ಕಾವ್ಯಾಳ ಕೆಲಸ.

ನಲವತ್ತನೇ ಟವರ್ ದಾಟಿದೆವು. ಅಲ್ಲಿಂದ ಇವರು ಯಾಕೋ ದಾರಿ ಬದಲಿಸಿದರು.

"ಈ ಕಡೆ ಏನಿಲ್ಲ ಮೇಡಂ. ಬರೇ ಕಲ್ಲು. ಆ ಕಡೆ ಇಳದು ಹೋಗೋಣು."

ಆದರೆ ಕಾವ್ಯಾ ಆಗಲೇ ಏರಿನ ಮೇಲೆ ನಿಂತಿದ್ದಳು. ಕೆಳಗೆ, ಲೈನಿನ ನಟ್ಟನಡುವೆ, ಎಲ್ಲ ಕಡಿದು ಬೋಳಾಗಿರಬೇಕಾದ ಜಾಗದಲ್ಲಿ ಒಂದು ಬನ್ನಿ ಗಿಡ. ಸಣ್ಣದಲ್ಲ. ನಾನು ಕಾವ್ಯಾ ಇಬ್ಬರೂ ಕೈ ಚಾಚಿದರೂ ಬುಡ ತಬ್ಬಲು ಸಾಲುತ್ತಿರಲಿಲ್ಲ. ತಲೆ ಮಾತ್ರ ಸಪಾಟು, ಮೇಲಕ್ಕೆ ಹೋಗಲು ಬಿಡದೆ ಯಾರೋ ಪಕ್ಕಕ್ಕೆ ಹರಡಿಸಿದ ಹಾಗೆ. ತಂತಿಗೂ ಅದಕ್ಕೂ ನಡುವೆ ಧಾರಾಳ ಗಾಳಿ. ಪೊಟರೆಯಲ್ಲಿ ಗಿಳಿಗಳ ಸಂಸಾರ, ಕೆಳಗೆ ನೆರಳಿನಲ್ಲಿ ನವಿಲು ಕೆದರಿದ ಮಣ್ಣು, ಬುಡಕ್ಕೆ ಯಾರೋ ಹಚ್ಚಿದ ಅರಿಶಿನ ಕುಂಕುಮ.

ನೆರಳಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಹನುಮವ್ವ, ಕುರಿ ಕಾಯುವವಳು. (ಪಾರ್ಕಿನೊಳಗೆ ಕುರಿ ಬಿಡುವಂತಿಲ್ಲ ಎಂದು ಬೋರ್ಡಿದೆ. ಕುರಿಗಳಿಗೆ ಓದಲು ಬರುವುದಿಲ್ಲ.) ಇವರನ್ನು ಕಂಡದ್ದೇ ನಕ್ಕಳು.

"ಏ ಶರಣಪ್ಪಣ್ಣ, ಈ ಸಲ ಇಷ್ಟ್ ಲಗೂ ಬಂದೀಯಲ್ಲ? ದಸರಿ ಇನ್ನಾ ಹದಿನೈದು ದಿನ ಐತಿ. ಕೊಡ್ಲಿ ಎಲ್ಲಿ?"

ಶರಣಪ್ಪನವರಿಗೆ ಕೆಮ್ಮು ಬಂತು.

"ಯಾವ ಕೊಡಲಿ ಅಮ್ಮಾ?" ಕಾವ್ಯಾ ಕೇಳಿದಳು.

"ಗಿಡದ ತಲಿ ಸಮ ಮಾಡಾಕ ಮೇಡಮ್ಮಾರ. ವರ್ಷಾ ದಸರಿ ಮುಂದ ಅಣ್ಣ ಬರ್ತಾನ. ತಂತಿಗೆ ಹತ್ತೂವಂಥ ಟೊಂಗಿ ಅಷ್ಟ ಕಡೀತಾನ, ಒಂದಿಷ್ಟು ಎಲಿ ವಸ್ತ್ರದಾಗ ಕಟಗೊಂಡು ಹೋಗ್ತಾನ. ರಿಟೇರ್ ಆದ ಮ್ಯಾಲೂ ಬಂದಾನ. ಈ ಗಿಡ ಇರೋದ ಅಣ್ಣನಿಂದ."

ಕಾವ್ಯಾ ಬ್ಯಾಗಿನಿಂದ ಒಂದು ಕಟ್ಟು ಜೆರಾಕ್ಸ್ ತೆಗೆದಳು. ಆಫೀಸಿನ ಹಳೆಯ ಗಿಡ ಕಟಾವಿನ ರಿಜಿಸ್ಟರು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಲೈನಿನ ಕೆಳಗೆ ಏನೇನು ಕಡಿದರು ಎಂದು ಲೈನ್‌ಮನ್ ಅದರಲ್ಲಿ ಬರೆಯಬೇಕು. ಬೆರಳಿಟ್ಟು ಓದಿದಳು.

"ನಲವತ್ತೊಂದು, ನಲವತ್ತೆರಡರ ನಡುವೆ. ಬನ್ನಿ ಮರ, ಒಂದು. ಬುಡಸಹಿತ ಕಡಿಯಲಾಗಿದೆ." ಹಾಳೆ ತಿರುಗಿಸಿದಳು. "ಬನ್ನಿ ಮರ, ಒಂದು. ಬುಡಸಹಿತ ಕಡಿಯಲಾಗಿದೆ." ಇನ್ನೊಂದು ಹಾಳೆ. ಮತ್ತೂ ಒಂದು. ಕೊನೆಗೆ ಅಲ್ಲೇ ಬಂಡೆಯ ಮೇಲೆ ಕೂತು ಎಣಿಸಿದಳು.

"ಸರ್, ಒಂದೇ ಗಿಡವನ್ನು ಇಪ್ಪತ್ತೊಂಬತ್ತು ಸಲ ಬುಡಸಹಿತ ಕಡಿದಿದ್ದೀರಿ."

ನನಗೆ ನಗು ತಡೆಯಲಾಗಲಿಲ್ಲ. ಹನುಮವ್ವ ಏನೆಂದು ತಿಳಿಯದಿದ್ದರೂ ಜೊತೆಗೆ ನಕ್ಕಳು. ಇಪ್ಪತ್ತೊಂಬತ್ತು ವರ್ಷ! ಒಬ್ಬ ಸಾಹೇಬರಾದರೂ ಕೇಳಬೇಡವೇ, ಹೋದ ವರ್ಷ ಬುಡಸಹಿತ ಹೋದ ಗಿಡ ಈ ವರ್ಷ ಮತ್ತೆ ಹೇಗೆ ಬಂತೆಂದು? ರಿಜಿಸ್ಟರು ಇರುವುದು ದಸ್ಕತ್ತು ಹಾಕಲು, ಓದಲು ಅಲ್ಲ. (ನನ್ನ ಪಾಠ ಟಿಪ್ಪಣಿ ಪುಸ್ತಕದ ಕತೆಯೂ ಅದೇ. ಹೆಡ್‌ಮಾಸ್ಟರು ಈ ಸಾಲು ಬಿಟ್ಟು ಓದಬೇಕು.)

ನಗುತ್ತಾ ಇವರ ಕಡೆ ತಿರುಗಿದೆ. ಇವರು ನಗುತ್ತಿರಲಿಲ್ಲ. ಖಾಕಿ ಶರ್ಟಿನ ಮೇಲಿನ ಎರಡು ಗುಂಡಿಗಳನ್ನು ಹಾಕುತ್ತಾ, ಬಿಚ್ಚುತ್ತಾ, ನೆಲ ನೋಡುತ್ತಾ ನಿಂತಿದ್ದರು. ತಪ್ಪು ಮಾಡಿ ಕ್ಲಾಸಿನ ಹೊರಗೆ ನಿಂತ ಮಕ್ಕಳನ್ನು ದಿನಾ ನೋಡುವ ನನಗೆ ಆ ನಿಲುವು ಚೆನ್ನಾಗಿ ಗೊತ್ತು. ನಗು ಅಲ್ಲಿಗೇ ನಿಂತಿತು.

ಕಾವ್ಯಾ ದನಿ ತಗ್ಗಿಸಿ ವಿಷಯ ಬಿಡಿಸಿ ಹೇಳಿದಳು. ಈಗಿರುವ ಪಟ್ಟಿ ಪೂರ್ತಿ ಖಾಲಿ ಎಂದು ಆಫೀಸಿನ ಕಾಗದ ಹೇಳುತ್ತದೆ. ಹಾಗಾಗಿ ಅವಳು ಎಣಿಸಬೇಕಾದ್ದು ಎರಡು ಪಕ್ಕಕ್ಕೆ ಹೊಸದಾಗಿ ಹೋಗುವ ಗಿಡಗಳನ್ನು ಮಾತ್ರ. ನಡುವೆ ಇರುವ ಈ ಬನ್ನಿ ಯಾವ ಲೆಕ್ಕದಲ್ಲೂ ಇಲ್ಲ. ಕೆಲಸ ಶುರುವಾದ ದಿನ ಮಶೀನು ಬಂದು ಎತ್ತಿ ಎಸೆದರೆ ಕೇಳುವವರಿಲ್ಲ. ಅವಳು ತಾನಾಗಿ ಬರೆದುಕೊಂಡರೂ, 'ಅದು ವರ್ಷಾ ಕಡಿಯುವ ಗಿಡ, ಇದು ಈ ವರ್ಷದ ಚಿಗುರು' ಎಂದು ಆಫೀಸಿನವರು ಈ ರಿಜಿಸ್ಟರನ್ನೇ ಮುಂದಿಡುತ್ತಾರೆ.

"ಆದರೆ ಸರ್, ಇದನ್ನು ಕಡಿದಿಲ್ಲ ಅಂತ ನೀವೇ ಬರೆದುಕೊಟ್ಟರೆ ಬೇರೆ ಮಾತು. ಇಷ್ಟು ವರ್ಷ ತಂತಿ ಕೆಳಗೆ ಗಿಡ ಇತ್ತು, ತಲೆ ಸವರಿದರೆ ಸಾಕಿತ್ತು, ಲೈನ್ ಒಂದು ದಿನವೂ ಹೋಗಲಿಲ್ಲ. ಹಾಗಿದ್ದರೆ ಪೂರ್ತಿ ಬೋಳಿಸೋದು ಯಾಕೆ, ಗಿಡ್ಡ ಗಿಡ ಉಳಿಸಿಕೊಂಡೇ ಲೈನ್ ಎಳೀಬಹುದಲ್ಲ ಅಂತ ನಾನು ಬರೀಬಹುದು. ತಿಂಗಳಿಂದ ಹುಡುಕ್ತಿದ್ದ ಪುರಾವೆ ನಿಮ್ಮ ಸುಳ್ಳಲ್ಲಿದೆ ಸರ್."

ಇವರು ಗಿಡದ ತಲೆಯ ಕಡೆ ಒಮ್ಮೆ ನೋಡಿದರು. ಆಮೇಲೆ, "ಬ್ಯಾಡ್ರಿ ಮೇಡಂ. ಬರದದ್ದು ಬರದಂಗ ಇರ್ಲಿ," ಎಂದು ಜೀಪಿನ ಕಡೆ ನಡೆದುಬಿಟ್ಟರು.

ವಾಪಸ್ ಹೊರಟೆವು. ಮಸ್ಕಿ ಬಂತು, ಹೋಯಿತು, ಚಹಾ ಕುಡಿಯೋಣ ಎಂದೂ ಇವರು ಅನ್ನಲಿಲ್ಲ.

ಸಂಜೆ ಮನೆಯಲ್ಲಿ ಚಹಾ ಲೋಟ ಮುಂದಿಟ್ಟು ಕೇಳಿದೆ. ನನಗೆ ಸಿಟ್ಟೂ ಬಂದಿತ್ತು. "ಯಾಕ ಬರದುಕೊಡಾಕ ಆಗಂಗಿಲ್ಲ?"

ಇವರು ಟಿ.ವಿ. ಮೇಲಿನ ಫ್ರೇಮ್ ಕಡೆ ಗದ್ದ ಎತ್ತಿದರು. "ನಾಳೆ ಮಂದಿ ಏನಂತಾರ? ಶರಣಪ್ಪ ಖೊಟ್ಟಿ ಬರದಾನ ಅಂತಾರ."

"ಖೊಟ್ಟಿ ಬರದದ್ದು ಖರೆ ಅಲ್ಲೇನ್ರಿ?"

"ಖರೆ."

"ಹೋಗ್ಲಿ, ಯಾಕ ಕಡೀಲಿಲ್ಲ?"

ಲೋಟವನ್ನು ಎರಡು ಸಲ ತಿರುಗಿಸಿದರು. "ನಿನಗ ನೆನಪಿಲ್ಲೇನು? ಲಿಂಗಸೂರಾಗ ಬಾಡಗಿ ಮನಿ. ಮದುವಿ ಆದ ಮ್ಯಾಲ ಮೊದಲ್ನೇ ದಸರಿ."

ನೆನಪಿತ್ತು. ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆ ಕೊಟ್ಟು, ತಗೊಂಡು, 'ಬಂಗಾರದಂಗ ಇರೋಣು' ಅನ್ನುತ್ತೇವಲ್ಲ. ಬನ್ನಿ ಎಂದರೆ ಆವತ್ತು ಬಂಗಾರವೇ. ಆ ದಿನ ಇವರು ಬೆಳಗಿನಿಂದ ಲೈನಿನ ಮೇಲಿದ್ದರು. ನಾನು ಇಪ್ಪತ್ಮೂರರ ಹೊಸ ಮದುಮಗಳು, ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ಕಾದು ಕಾದು ಸಾಕಾಗಿತ್ತು. ಹೊತ್ತು ಮುಳುಗುವಾಗ ಮೈತುಂಬ ಧೂಳಾಗಿ ಬಂದರು, ಕರವಸ್ತ್ರ ಬಿಚ್ಚಿ ಎಲೆ ಕೊಟ್ಟರು. ನಾನೇನು ಅಂದೆ ಗೊತ್ತೇ? "ಮಂದಿ ಗಂಡಂದಿರು ಹೆಂಡರಿಗೆ ಮೂಗುತಿ ತಂದಾರ, ನೀವು ಎಲಿ ತಂದೀರಿ." ಅಂದಿನಿಂದ ಪ್ರತಿ ದಸರೆಗೂ ಅದೇ ಮಾತು, ತಮಾಷೆಗೆ. ದೇವರ ಮುಂದಿಟ್ಟು ಮರುದಿನ ಕಸದ ಜೊತೆ ಗುಡಿಸಿದ್ದೂ ಉಂಟು.

"ಅವತ್ತ ಸಾಹೇಬ್ರು ಆ ಗಿಡ ಕಡಿ ಅಂದಿದ್ರು," ಅಂದರು ಇವರು. "ಕೊಡ್ಲಿ ಎತ್ತಿದ್ದೆ. ನಿನ್ನ ನೆನಪಾತು. ಮೊದಲ್ನೇ ದಸರಿ, ಬರಿಗೈಲೆ ಹ್ಯಾಂಗ ಹೋಗ್ಲಿ ಅಂತ ಮೊದ್ಲ ಒಂದಿಷ್ಟು ಎಲಿ ಹರಕೊಂಡೆ. ಹರಕೊಂಡ ಮ್ಯಾಲ ಕೊಡ್ಲಿ ಏಳಲಿಲ್ಲ. ಬಂಗಾರ ಇಸಗೊಂಡು ಅದರ ಕುತಗಿ ಕೊಯ್ಯಾಕ ಬರ್ತತೇನ? ತಂತಿಗೆ ಹತ್ತೂದು ಅಷ್ಟ ತಗದೆ. ಆಫೀಸಿಗೆ ಹೋಗಿ ಕಡದೀನಿ ಅಂತ ಬರದೆ. ಒಮ್ಮೆ ಬರದ ಮ್ಯಾಲ ಮರುವರ್ಷ ಇಲ್ಲ ಅನ್ನಾಕ ಬರಲಿಲ್ಲ."

ಮೂವತ್ತೊಂದು ವರ್ಷ ಎಲೆ ಎಂದು ನಕ್ಕವಳು ನಾನು. ನನಗಾಗಿ ಈ ಮನುಷ್ಯ ತನ್ನ ಸ್ವಭಾವದಲ್ಲೇ ಇಲ್ಲದ ಕೆಲಸವನ್ನು ವರ್ಷಕ್ಕೊಂದು ಸಲ ಮಾಡಿ, ಬಾಯಿ ಬಿಡದೆ ಇದ್ದರು. ನನಗೆ ಅಳು ಬಂತು. ಅತ್ತುಬಿಟ್ಟೆ. ಇವರು ಗಾಬರಿಯಾಗಿ, "ಚಹಾಕ್ಕ ಸಕ್ಕರಿ ಕಮ್ಮಿ ಆಗೈತಿ ಅಷ್ಟ, ನಾ ಏನೂ ಅಂದಿಲ್ಲಲ್ಲ," ಅಂದರು.

ಬರೆದುಕೊಡಿ ಎಂದು ನಾನು ಮತ್ತೆ ಹೇಳಲಿಲ್ಲ. ಹೆಸರು ಅವರದ್ದು, ಫ್ರೇಮ್ ಅವರದ್ದು.

ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಒಂದು ಬಿಳಿ ಹಾಳೆ ಕೇಳಿದರು. ಡೈನಿಂಗ್ ಟೇಬಲ್ ಮೇಲೆ ಕೂತು, ರಿಜಿಸ್ಟರಿನ ಅದೇ ಗುಂಡು ಅಕ್ಷರದಲ್ಲಿ ಬರೆದರು. ನಾನು ಬಗ್ಗಿ ಓದಿದೆ.

'ಮೇಲ್ಕಂಡ ಟವರುಗಳ ನಡುವಿನ ಬನ್ನಿ ಗಿಡವನ್ನು ಇಪ್ಪತ್ತೊಂಬತ್ತು ವರ್ಷ ಕಡಿದಿದ್ದೇನೆಂದು ನಾನು ಬರೆದಿರುತ್ತೇನೆ. ಕಡಿದಿರುವುದಿಲ್ಲ. ತಲೆ ಮಾತ್ರ ಸಮ ಮಾಡಿರುತ್ತೇನೆ. ಇದರಿಂದ ಲೈನಿಗೆ ಒಂದು ದಿನವೂ ತೊಂದರೆ ಆಗಿರುವುದಿಲ್ಲ. ಗಿಡ ಈಗಲೂ ಇರುತ್ತದೆ. ದಯವಿಟ್ಟು ಎಣಿಸಿಕೊಳ್ಳಬೇಕು.'

ಟೀಚರ್ ಬುದ್ಧಿ, ಒಂದೆರಡು ಕಡೆ ತಿದ್ದಲು ಪೆನ್ನು ತೆಗೆದೆ. ಕೈ ಹಿಡಿದರು. "ಇದು ನಿನ್ನ ಅಂಕಣ ಅಲ್ಲ."

ದಸ್ಕತ್ತು ಹಾಕಿದರು. ಎದ್ದು ಹೋಗಿ ಫ್ರೇಮನ್ನು ಮೊಳೆಯಿಂದ ಇಳಿಸಿ, ಒರೆಸಿ, ಬೀರುವಿನ ಮೇಲಿಟ್ಟರು. ಲಿಂಗಸುಗೂರಿನ ಬಸ್ಸು ಹಿಡಿದರು. ಅವರು ಹೋದ ಮೇಲೆ ನಾನು ಮತ್ತೆ ಮೊಳೆಗೆ ಹಾಕಿದೆ. ಸಂಜೆ ಬಂದು ನೋಡಿ ಮತ್ತೆ ಇಳಿಸಿದರು. ಈಗಲೂ ಬೀರುವಿನ ಮೇಲೇ ಇದೆ, ಧೂಳು ಒರೆಸುವ ಕೆಲಸ ನನಗೆ ಬಂದಿದೆ.

ಮಂಗಳವಾರ ಕಾವ್ಯಾ ಫೋನ್ ಮಾಡಿದ್ದಳು. ಬನ್ನಿ ಈಗ ಅವಳ ಪಟ್ಟಿಯಲ್ಲಿ ಮರ ನಂಬರ್ ಒಂದು. ಉಳಿಸುವುದು, ಬಿಡುವುದು ಅವಳ ಕೈಯಲ್ಲಿಲ್ಲ, ದೊಡ್ಡವರು ನೋಡಬೇಕು. ಅವಳ ಫಾರಂನಲ್ಲಿ 'ಸ್ಥಳೀಯರಿಗೆ ಈ ಮರದ ಉಪಯೋಗ' ಎಂದು ಒಂದು ಖಾನೆ ಇದೆಯಂತೆ. ಉರುವಲು, ಮೇವು, ಹಣ್ಣು, ಇತರೆ. ಏನು ಬರೆಯಲಿ ಎಂದು ಇವರನ್ನೇ ಕೇಳಿದಳಂತೆ.

"ನಮ್ಮ ಮನಿಗೆ ವರ್ಷಾ ಬಂಗಾರ ಬರ್ತತಿ ಅಂತ ಬರೀರಿ" ಅಂದರಂತೆ. 'ಇತರೆ' ಎದುರು ಹಾಗೆಯೇ ಬರೆದಿದ್ದಾಳೆ.

ನಿನ್ನೆ ಆಫೀಸಿನಿಂದಲೂ ಒಂದು ಫೋನ್ ಬಂತು. ಹಳೆಯ ಜೊತೆಗಾರರೊಬ್ಬರು, ಬೇಸರದಿಂದಲೇ ಹೇಳಿದರು: ಸುಳ್ಳು ಬರೆದದ್ದಕ್ಕೆ ವಿವರಣೆ ಕೇಳಿ ನೋಟಿಸು ಬರಬಹುದು, ತಯಾರಿರು ಎಂದು. ಇವರು "ಬರ್ಲಿ ಬಿಡು" ಎಂದು ಫೋನ್ ಇಟ್ಟು, ನನ್ನ ಕಡೆ ತಿರುಗಿದರು. "ನೀ ಹ್ಯಾಂಗೂ ಬರೀತಿ. ಬರಿಯೂದಾದ್ರ ಹೆಸರು ಹಾಕಿ ಬರಿ." ಅದಕ್ಕೇ ಹಾಕಿದ್ದೇನೆ.

ಈ ದಸರೆಗೆ ನಾನೇ ಇವರ ಜೊತೆ ಹೋಗುತ್ತೇನೆ. ಎಲೆ ಇವರ ಕೈಯಿಂದ ಅಲ್ಲೇ, ಆ ಗಿಡದ ಕೆಳಗೇ ತಗೊಳ್ಳುತ್ತೇನೆ. ಮೂಗುತಿಯ ಮಾತು ಎತ್ತುವುದಿಲ್ಲ.

ನೋಟಿಸಿನ ಬಗ್ಗೆ ಮಾತ್ರ ನನ್ನದೊಂದು ಪ್ರಶ್ನೆ ಉಳಿದಿದೆ. ಕಡಿಯದ ಗಿಡವನ್ನು ಕಡಿದೆ ಎಂದು ಬರೆದವರಿಗೆ ಬರಲಿ, ಉತ್ತರ ಕೊಡುತ್ತಾರೆ. ನೆಡದ ಗಿಡವನ್ನು ನೆಟ್ಟೆವು ಎಂದು ಬರೆದವರಿ‌ಗೆ ಯಾವಾಗ ಬರುತ್ತದೆ?